ಹಳೆ ಕಸದ ಗುಡ್ಡಕ್ಕೆ ಸರ್ಕಾರದ ಅನುದಾನ: ಅರ್ಜಿಗಿಂತ ಮೊದಲು ಅಳತೆ

ಊರ ಹೊರಗಿನ ಹಳೆ ಕಸದ ಗುಡ್ಡ ತೆಗೆಸಿ, ಆ ಜಾಗವನ್ನು ಮತ್ತೆ ಬಳಕೆಗೆ ತರಲು ಸರ್ಕಾರದಿಂದ ದುಡ್ಡು ಸಿಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಶಿರಸಿ, ಕುಮಟಾ, ಭಟ್ಕಳದಂಥ ಊರುಗಳಿಗೆ ಇದು ಬೇಕೇ ಬೇಕು. ಆದರೆ ಕಳಿಸಿದ ಫೈಲು ವಾಪಸ್ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕಾರಣ ಹೆಚ್ಚಿನ ಸಲ ಒಂದೇ. ಗುಡ್ಡವನ್ನು ಯಾರೂ ಸರಿಯಾಗಿ ಅಳೆದಿರುವುದಿಲ್ಲ. ವಾರ್ಡ್ ಸದಸ್ಯರು, ಯುವಕ ಸಂಘದವರು, ಅಕ್ಕಪಕ್ಕದ ಮನೆಯವರು ಈ ಕೆಲಸಕ್ಕೆ ಇಳಿಯುವುದಾದರೆ ಹೀಗೆ ಮಾಡಿ.

ಯಾವ ಜಾಗ, ಯಾವ ದಾರಿ

ಊರ ಕಸ ಸುರಿದ ಜಾಗಕ್ಕೆ ಒಂದು ದಾರಿ, ಕಾರ್ಖಾನೆಯ ರಾಸಾಯನಿಕ ಸೇರಿದ ಜಾಗಕ್ಕೆ ಬೇರೆ ದಾರಿ. ಎರಡನೆಯದಕ್ಕೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಅದರ ಪ್ರಕಾರ ನೆಲ ಕೆಡಿಸಿದವರೇ ಖರ್ಚು ಕೊಡಬೇಕು. ಅವರು ಯಾರೆಂದು ಪತ್ತೆಯಾಗದಿದ್ದರೆ ಸರ್ಕಾರದ ದುಡ್ಡು ಬರುತ್ತದೆ. ಅಲ್ಲಿ ನೀವು ಮಾಡಬೇಕಾದ್ದು ಸ್ಥಳೀಯ ಸಂಸ್ಥೆಗೆ ಅಥವಾ ಜಿಲ್ಲಾಡಳಿತಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು. ಅವರಿಂದ ವಿಷಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತದೆ.

ಊರ ಕಸಕ್ಕಿರುವುದು ಸ್ವಚ್ಛ ಭಾರತ ಮಿಷನ್ ನಗರ 2.0. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಕೇಂದ್ರದ ಪಾಲು 50 ಪರ್ಸೆಂಟ್. ನಮ್ಮ ಜಿಲ್ಲೆಯ ಊರುಗಳೆಲ್ಲ ಈ ಲೆಕ್ಕಕ್ಕೇ ಬರುತ್ತವೆ. 2021ರ ಅಕ್ಟೋಬರ್‌ನಲ್ಲಿ ಶುರುವಾದ ಐದು ವರ್ಷದ ಯೋಜನೆ ಇದು. ಹಾಗಾಗಿ ಕಾರವಾರದ ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ ಈಗ ಯಾವ ಲೆಕ್ಕಶೀರ್ಷಿಕೆ (ಹಣ ಬರುವ ಖಾತೆ) ತೆರೆದಿದೆ ಅಂತ ಮೊದಲು ಕೇಳಿಕೊಳ್ಳಿ. ಶೀರ್ಷಿಕೆ ಬದಲಾದರೂ ಮುಂದೆ ಹೇಳುವ ಕಾಗದಗಳು ಬೇಕೇ ಆಗುತ್ತವೆ.

ಇನ್ನೊಂದು ಮಾತು. ಅರ್ಜಿ ಹಾಕಬೇಕಾದ್ದು ನಗರಸಭೆ ಅಥವಾ ಪುರಸಭೆ. ಇನ್ನೂರು ಸಹಿ ಹಾಕಿಸಿ ಮನವಿ ಕೊಟ್ಟರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಫೈಲು ಹುಟ್ಟುವುದಿಲ್ಲ. ನೀವು ಹಿಡಿಯಬೇಕಾದವರು ಅಲ್ಲಿನ ಪರಿಸರ ಎಂಜಿನಿಯರ್.

ಪಹಣಿ ತೆಗೆಸಿ

ಸರ್ವೆ ನಂಬರಿನ ಪಹಣಿ ತೆಗೆಸಿ 9ನೇ ಕಾಲಂ ನೋಡಿ. ನಗರಸಭೆ ಹೆಸರಿದ್ದರೆ ಸುಲಭ. ನಮ್ಮ ಜಿಲ್ಲೆಯಲ್ಲಿ ಬಹುಪಾಲು ನೆಲ ಅರಣ್ಯವಾದ್ದರಿಂದ ಅಲ್ಲಿ ‘ಅರಣ್ಯ’ ಅಂತ ಇರುವುದೂ ಉಂಟು. ಆಗ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಶ್ನೆ ಏಳುತ್ತದೆ. ಅದನ್ನು ಮುಚ್ಚಿಡಬೇಡಿ, ಮೊದಲ ಪುಟದಲ್ಲೇ ಬರೆಯಿರಿ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿದ್ದರೆ, ಅಥವಾ ಉಪ್ಪುನೀರು ಏರಿಬರುವ ಹೊಳೆಯ ಅಂಚಿನಲ್ಲಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯನ್ನೂ ಜೊತೆಗಿಡಿ. ಮೋಜಣಿಯವರಿಂದ ಹದ್ದುಬಸ್ತು ಆಗಲೇಬೇಕು. ಗುಡ್ಡ ಪಕ್ಕದವರ ಜಮೀನಿಗೆ ಜಾರಿಕೊಂಡಿರುವುದು ಆಗಲೇ ಗೊತ್ತಾಗುವುದು.

ಗುಡ್ಡ ಅಳೆಯುವುದು

ಎಲ್ಲರೂ ಎಡವುವುದು ಇಲ್ಲೇ. ಅನುದಾನದ ಲೆಕ್ಕ ಟನ್ನಿನ ಮೇಲೆ ನಿಂತಿದೆ. ಮಿಷನ್ ಹಿಡಿದಿರುವ ದರ ಟನ್ನಿಗೆ 550 ರೂಪಾಯಿ. ಅಂದರೆ 30,000 ಟನ್ನಿಗೆ 1 ಕೋಟಿ 65 ಲಕ್ಷ. ಟನ್ನು ತಪ್ಪಿದರೆ ಎಲ್ಲವೂ ತಪ್ಪಿತು. ಆಮೇಲೆ ಗುತ್ತಿಗೆದಾರ ಅರ್ಧ ಗುಡ್ಡ ತೆಗೆದು ದುಡ್ಡು ಮುಗಿಯಿತು ಅನ್ನುತ್ತಾನೆ. ಉಳಿದರ್ಧ ಅಲ್ಲೇ ಇರುತ್ತದೆ.

ಈಗ ಡ್ರೋನ್ ಹಾರಿಸಿ ಒಂದು ದಿನದಲ್ಲಿ ಸರ್ವೆ ಮಾಡಿಕೊಡುವವರಿದ್ದಾರೆ. ಮೇಲ್ಮೈ ಚೆನ್ನಾಗಿ ಸಿಗುತ್ತದೆ, ಸಂಶಯವಿಲ್ಲ. ತಳ ಮಾತ್ರ ಡ್ರೋನಿಗೆ ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟೋ ಕಡೆ ಕಸ ಸುರಿದದ್ದು ಚಿರೆಕಲ್ಲು ತೆಗೆದ ಹಳೆ ಹೊಂಡಗಳಿಗೆ. ಲೆಕ್ಕ ನೋಡಿ: ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ನೆಲದ ಮೇಲೆ ಸರಾಸರಿ 4 ಮೀಟರ್ ಎತ್ತರ ಇದ್ದರೆ ಸುಮಾರು 16,000 ಘನ ಮೀಟರ್. ಕೆಳಗೆ 2 ಮೀಟರ್ ಹೊಂಡ ಇದ್ದರೆ ಇನ್ನೂ 8,000. ಕಾಣುವುದರ ಅರ್ಧದಷ್ಟು ಕಾಣದೇ ಕೂತಿದೆ ಅಂತಾಯಿತು.

ಆದ್ದರಿಂದ ಜೆಸಿಬಿ ತರಿಸಿ ಗುಂಡಿ ತೋಡಿಸಿ. ನಡುವೆ ಒಂದು, ಅಂಚುಗಳಲ್ಲಿ ನಾಲ್ಕಾದರೂ ಬೇಕು. ಗಟ್ಟಿ ಕೆಂಪು ಚಿರೆಕಲ್ಲು ತಾಗುವ ತನಕ ತೋಡಬೇಕು. ಗುಂಡಿಯ ಗೋಡೆಯನ್ನು ಮೇಲೆ ನಿಂತೇ ನೋಡಿ, ಒಳಗೆ ಮಾತ್ರ ಇಳಿಯಬೇಡಿ. ಗೋಡೆ ಕುಸಿಯುತ್ತದೆ, ಗ್ಯಾಸೂ ಇರುತ್ತದೆ. ಮೇಲೆ ಬಣ್ಣ ಬಣ್ಣದ ಪ್ಲಾಸ್ಟಿಕ್ ಕಾಣುತ್ತದೆ. ಕೆಳಗೆ ಹೋದ ಹಾಗೆ ಎಲ್ಲ ಕಪ್ಪಾಗಿ, ಮಣ್ಣಿನ ಹಾಗೆ ಪುಡಿಯಾಗಿರುತ್ತದೆ. ಬಕೆಟ್ಟಿನಲ್ಲಿ ಮೇಲೆ ಬಂದದ್ದರಲ್ಲಿ ಹಾಲಿನ ಪೊಟ್ಟಣ, ಬಿಸ್ಕೀಟಿನ ಕವರ್ ಹುಡುಕಿ ಒರೆಸಿದರೆ ತಾರೀಕು ಓದಲು ಬರುತ್ತದೆ. ಯಾವ ಪದರ ಯಾವ ವರ್ಷದ್ದು ಅಂತ ಅದರಿಂದಲೇ ಗೊತ್ತಾಗುತ್ತದೆ. ಪೊಟ್ಟಣದ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು ಫೈಲಿಗೆ ಹಚ್ಚಿ.

ಘನ ಮೀಟರನ್ನು ಟನ್ನಿಗೆ ತರುವಾಗ ಪುಸ್ತಕದ ಅಂಕಿ ಹಾಕಬೇಡಿ. ಗುಂಡಿಯಿಂದ ತೆಗೆದದ್ದನ್ನು ಅಳತೆ ಗೊತ್ತಿರುವ ಟಿಪ್ಪರಿಗೆ ತುಂಬಿಸಿ, ವೇ-ಬ್ರಿಜ್‌ನಲ್ಲಿ ತೂಗಿಸಿ. ಅದೇ ತೇವದ ಕಸವನ್ನು ಒಣಗಿಸಿಯೂ ತೂಗಿ. ಇದೆಲ್ಲ ಮಾರ್ಚ್, ಏಪ್ರಿಲ್‌ನಲ್ಲಿ ಆಗಬೇಕು. ಜೂನ್ ಬಂತೆಂದರೆ ಕಸ ನೀರು ಕುಡಿದು ತೂಕ ಸುಳ್ಳು ಹೇಳುತ್ತದೆ. ಕಸ ಬೇರ್ಪಡಿಸುವ ಜರಡಿ ಯಂತ್ರದ ಕಣ್ಣೂ ಮುಚ್ಚಿಹೋಗುತ್ತದೆ. ಬಯಲುಸೀಮೆಯ ಊರಿನ ಡಿಪಿಆರ್ (ವಿವರವಾದ ಯೋಜನಾ ವರದಿ) ನಕಲು ಮಾಡಿ, ವರ್ಷವಿಡೀ ಕೆಲಸ ನಡೆಯುತ್ತದೆ ಅಂತ ಬರೆದ ವರದಿಯನ್ನು ನಾನು ಓದಿದ್ದೇನೆ. ಘಟ್ಟದ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕಿಲ್ಲ. ಶಿರಸಿಯಲ್ಲೂ ಅಷ್ಟೇ. ಕೆಲಸದ ತಿಂಗಳು ಎಂಟು ಅಂತಲೇ ಬರೆಯಿರಿ.

ಬಾವಿ ನೀರು

ಚಿರೆಕಲ್ಲಿನ ನೆಲದಲ್ಲಿ ತೂತು ಜಾಸ್ತಿ. ಮಳೆ ಬಿದ್ದ ಕೂಡಲೇ ಕಸದ ಕಪ್ಪು ನೀರು ಕೆಳಗಿಳಿದು ಬಾವಿಗೆ ಸೇರುತ್ತದೆ. ಎಲ್ಲರೂ ಗುಡ್ಡದ ಕೆಳಗಿನ ಬಾವಿಯ ನೀರನ್ನು ಮಾತ್ರ ಪರೀಕ್ಷೆಗೆ ಕೊಡುತ್ತಾರೆ. ಇಳಿಜಾರಿನಲ್ಲಿ ಗುಡ್ಡಕ್ಕಿಂತ ಮೇಲಿರುವ ಬಾವಿಯದನ್ನೂ ಕೊಡಬೇಕು. ಮೇಲೆ ಚೆನ್ನಾಗಿದ್ದು ಕೆಳಗೆ ಕೆಟ್ಟಿದೆ ಅಂತ ತೋರಿಸಿದರೆ ಮಾತ್ರ ಅದು ಗುಡ್ಡದಿಂದಲೇ ಬಂದದ್ದು ಅಂತ ಹೇಳಬಹುದು, ಅಲ್ವಾ? ಮೇ ತಿಂಗಳಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಹಿಡಿಯಿರಿ. ಕುಡಿಯುವ ನೀರಿನ ಮಾನದಂಡದಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ, ಸೀಸ 0.01, ಪಾದರಸ 0.001 ಮೀರಬಾರದು. ಲೋಹದ ಪರೀಕ್ಷೆಗೆ ಪ್ರಯೋಗಾಲಯದವರೇ ಆಸಿಡ್ ಹಾಕಿ ಕೊಡುವ ಬಾಟಲಿಯನ್ನೇ ಬಳಸಿ. ಹಳೆ ಮಿನರಲ್ ವಾಟರ್ ಬಾಟಲಿ ಬೇಡವೇ ಬೇಡ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರಲಿ.

ಹೊಳೆ ಹತ್ತಿರ ಇದ್ದರೆ ಅದನ್ನೂ ಬರೆಯಿರಿ. ಅಘನಾಶಿನಿ ಅಳಿವೆ ಈಗ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಅಲ್ಲಿ ಬೆಳಚು (ಹೊಳೆಯ ಚಿಪ್ಪಿ) ಹೆಕ್ಕಿ ಬದುಕುವ ಮನೆಗಳಿವೆ. ಗುಡ್ಡದ ನೀರು ಆ ಕಡೆ ಹರಿಯುವುದಾದರೆ ನಿಮ್ಮ ಫೈಲಿಗೆ ಇದಕ್ಕಿಂತ ದೊಡ್ಡ ಬಲ ಇಲ್ಲ.

ಡಿಪಿಆರ್‌ನಲ್ಲಿ ಬಿಟ್ಟುಹೋಗುವ ಖರ್ಚು

ಜರಡಿ ಹಿಡಿದ ಮೇಲೆ ಮಣ್ಣು, ಕಲ್ಲು-ಗಾಜು, ಸುಡುವಂಥ ಪ್ಲಾಸ್ಟಿಕ್-ಬಟ್ಟೆ ಬೇರೆ ಬೇರೆಯಾಗುತ್ತವೆ. ಆ ಪ್ಲಾಸ್ಟಿಕ್ ಸಾಮಾನ್ಯವಾಗಿ ಸಿಮೆಂಟ್ ಕಾರ್ಖಾನೆಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಕುಲುಮೆ ಇಲ್ಲ. ಇರುವುದು ಬಾಗಲಕೋಟೆ, ಕಲಬುರಗಿ ಕಡೆ. ಘಟ್ಟ ಹತ್ತಿಸುವ ಲಾರಿ ಬಾಡಿಗೆಯನ್ನು ಎಸ್ಟಿಮೇಟಿನಲ್ಲಿ ಸಪರೇಟ್ ಸಾಲು ಮಾಡಿ ತೋರಿಸಿ. ತೋರಿಸದಿದ್ದರೆ ಮೂಟೆಗಳು ಅಲ್ಲೇ ಬಿದ್ದು ಇನ್ನೊಂದು ಗುಡ್ಡ ಆಗುತ್ತವೆ. ಮಣ್ಣನ್ನು ಲೋಹದ ಪರೀಕ್ಷೆ ಇಲ್ಲದೆ ತೋಟಕ್ಕೆ ಹಾಕಬೇಡಿ. ಗೊಬ್ಬರ ಅಂತ ಪುಕ್ಕಟೆ ಕೊಟ್ಟರೂ ಬೇಡ.

ದ್ರಾವಣ ಚಿಮುಕಿಸಿದರೆ ಕಸ ಕರಗುತ್ತದೆ ಅಂತ ಡಬ್ಬಿ ಮಾರಲು ಬರುವವರನ್ನು ದೂರ ಇಡಿ. ವಾಸನೆ ಕಡಿಮೆ ಆಗಬಹುದು, ಪ್ಲಾಸ್ಟಿಕ್ ಕರಗಲ್ಲ. ಮೇಲೆ ಕೆಂಪು ಮಣ್ಣು ಹಾಸಿ ಗಿಡ ನೆಟ್ಟು ಫೋಟೋ ತೆಗೆಯುವುದೂ ಬೇಡ. ಒಳಗಿನ ನೀರು ಬಾವಿಗೆ ಇಳಿಯುತ್ತಲೇ ಇರುತ್ತದೆ.

ಠರಾವು, ನಂತರ

ಸಾಮಾನ್ಯ ಸಭೆಯ ಠರಾವಿನಲ್ಲಿ ಮೂರು ಮಾತು ಇರಲಿ: ಸಂಸ್ಥೆಯ ಪಾಲಿನ ಹಣ ಎಲ್ಲಿಂದ, ಹೊಸ ಕಸ ಇನ್ನು ಎಲ್ಲಿಗೆ, ಖಾಲಿಯಾದ ಜಾಗ ಏನಾಗುತ್ತದೆ. ಎರಡನೆಯದಕ್ಕೆ ಉತ್ತರ ಇಲ್ಲದ ಫೈಲು ಮುಂದೆ ಹೋಗಲ್ಲ, ಹೋಗಬಾರದು ಕೂಡ. ಆಮೇಲೆ ಫೈಲು ನಗರಾಭಿವೃದ್ಧಿ ಕೋಶದ ಮೂಲಕ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೆ ಹೋಗುತ್ತದೆ. ಫೈಲ್ ನಂಬರ್ ಬರೆದಿಟ್ಟುಕೊಳ್ಳಿ.

ಖಾಲಿ ಜಾಗಕ್ಕೆ ನನ್ನ ಸಲಹೆ ನರ್ಸರಿ ಅಥವಾ ಆಟದ ಮೈದಾನ. ಮನೆ ಸೈಟು ಮಾಡುವ ಆಸೆ ಬಿಡಿ. ಅಗೆದು ತುಂಬಿದ ನೆಲ ವರ್ಷಗಟ್ಟಲೆ ಕುಸಿಯುತ್ತದೆ, ಉಳಿದ ಕಸದಿಂದ ಮೀಥೇನ್ ಬರಬಹುದು. ಗುಡ್ಡ ತೆಗೆಯುವ ಅನುದಾನದಲ್ಲಿ ಮೈದಾನಕ್ಕೆ ದುಡ್ಡಿಲ್ಲ. ಅದಕ್ಕೆ ಶಾಸಕರ ನಿಧಿಯನ್ನೋ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆ) ಹಣವನ್ನೋ ಕೇಳಿ, ಬೇರೆ ಎಸ್ಟಿಮೇಟ್ ಮಾಡಿಸಿ, ಬೇರೆ ಫೈಲಿನಲ್ಲೇ ಕಳಿಸಿ.