ಹಿಂಗಾಳಿಯಲ್ಲಿ ಬೂಮ್ ತಾನಾಗಿ ತಿರುಗದಂತೆ ನಾನು ಮಾಡುವುದು

ಹಿಂಗಾಳಿ ಸಿಕ್ಕಿತೆಂದರೆ ಹಾಯಿದೋಣಿಯಲ್ಲಿರುವವರಿಗೆಲ್ಲ ನಿರಾಳ. ವಾಲಿದ್ದ ದೋಣಿ ನೆಟ್ಟಗಾಗುತ್ತದೆ, ಮುಖಕ್ಕೆ ನೀರೆರಚುವುದು ನಿಲ್ಲುತ್ತದೆ, ಒಬ್ಬೊಬ್ಬರಾಗಿ ಜಾಕೆಟ್ ಬಿಚ್ಚತೊಡಗುತ್ತಾರೆ. ನಾನು ಹೆಚ್ಚು ಎಚ್ಚರವಾಗಿರುವುದು ಆ ಹೊತ್ತಿನಲ್ಲೇ. ಎದುರುಗಾಳಿಯಲ್ಲಿ ಪಕ್ಕ ಬದಲಿಸುವಾಗ ಹಾಯಿ ಪಟಪಟ ಬಡಿದು ಬಲ ಕಳೆದುಕೊಂಡಿರುತ್ತದೆ, ಹಾಯಿಯ ಬುಡ ಹಿಡಿದಿರುವ ಅಡ್ಡಕಂಬ, ಅಂದರೆ ಬೂಮ್, ಒಂದಿಷ್ಟೇ ಸರಿಯುತ್ತದೆ. ಹಿಂಗಾಳಿಯಲ್ಲಾದರೆ ದೊಡ್ಡ ಹಾಯಿ, ಅಂದರೆ ಮೇನ್‌ಸೇಲ್, ಪೂರ್ತಿ ಹೊರಚಾಚಿ ಗಾಳಿ ತುಂಬಿಕೊಂಡು ನಿಂತಿರುತ್ತದೆ. ಗಾಳಿ ಹಿಂಬದಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ದಾಟಿತೋ, ಅಷ್ಟೂ ಹಾಯಿ ಬೂಮಿನ ಸಮೇತ ಡೆಕ್‌ನ ಆ ಪಕ್ಕದಿಂದ ಈ ಪಕ್ಕಕ್ಕೆ ಬೀಸಿ ಬರುತ್ತದೆ. ಹೀಗೆ ಪಕ್ಕ ಬದಲಾಗುವುದೇ ಜೈಬ್. ನಾವು ಬೇಕೆಂದು ಮಾಡುವ ಜೈಬ್‌ನಲ್ಲಿ ಇದೆಲ್ಲ ಕೈಯ ಹಿಡಿತದಲ್ಲಿರುತ್ತದೆ. ತಾನಾಗಿ ಆದರೆ ತಲೆ ಒಡೆಯಬಹುದು, ಬೂಮನ್ನು ಮಾಸ್ಟ್ ಎಂಬ ಹಾಯಿಕಂಬಕ್ಕೆ ಜೋಡಿಸಿದ ಗೂಸ್‌ನೆಕ್ ಮುರಿಯಬಹುದು, ಕೆಲವೊಮ್ಮೆ ಮಾಸ್ಟೇ ಉರುಳಬಹುದು.

ಗಾಳಿಯ ನಿಜವಾದ ಬಲ ಮೈಗೆ ತಿಳಿಯುವುದಿಲ್ಲ ಎಂಬುದೂ ಇಲ್ಲಿ ಸೇರಿಕೊಳ್ಳುತ್ತದೆ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿಯಲ್ಲಿ ದೋಣಿ 7 ನಾಟ್ ವೇಗದಲ್ಲಿ ಮುಂದಕ್ಕೆ ಓಡುತ್ತಿದ್ದರೆ ನಮಗೆ ತಟ್ಟುವುದು 13 ನಾಟ್ ಮಾತ್ರ. ಆದರೆ ಹಾಯಿಯ ಮೇಲಿನ ಒತ್ತಡ ತಟ್ಟುವ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೋಣಿ ಯಾವುದೋ ಕಾರಣಕ್ಕೆ ನಿಂತೇಹೋದರೆ ಅದೇ ಹಾಯಿ ಎರಡು ಪಟ್ಟಿಗೂ ಮಿಕ್ಕಿದ ಹೊರೆ ಹೊರಬೇಕು. ಹಾಗಾಗಿ ‘ಗಾಳಿ ಅಷ್ಟೇನಿಲ್ಲ’ ಎಂದು ಯಾರಾದರೂ ಅಂದರೆ ನಾನು ಮೊದಲು ನೋಡುವುದು ದೋಣಿಯ ವೇಗದ ಮೀಟರನ್ನು.

ಈ ವಿಷಯ ಬಂದರೆ ಬಹಳ ಜನ ನೇರವಾಗಿ ಪ್ರಿವೆಂಟರ್, ಅಂದರೆ ಬೂಮ್ ತಿರುಗದಂತೆ ಕಟ್ಟಿಡುವ ಹಗ್ಗದ ಮಾತಿಗೆ ಬರುತ್ತಾರೆ. ನಾನು ಶುರುಮಾಡುವುದು ದೋಣಿ ಸಾಗುವ ಕೋನದಿಂದ. ಮೇನ್‌ಸೇಲ್ ಮೇಲಿರುವಾಗ ಗಾಳಿಯನ್ನು ನೆಟ್ಟಗೆ ಬೆನ್ನಿಗೆ ಇಟ್ಟುಕೊಂಡು ಹೋಗುವುದಿಲ್ಲ. ಗಾಳಿ ಬರುವ ದಿಕ್ಕಿಗೂ ದೋಣಿಯ ಮೂತಿಗೂ ನಡುವಿನ ಕೋನವನ್ನು 180 ಡಿಗ್ರಿಯ ಬದಲು 160ರ ಆಸುಪಾಸಿನಲ್ಲಿ ಇಟ್ಟುಕೊಂಡು ಸಾಗಿ, ಅರ್ಧ ದಾರಿಯಲ್ಲಿ ಒಂದು ಜೈಬ್ ಮಾಡಿ ಗುರಿಗೆ ಬರುತ್ತೇನೆ. ಲೆಕ್ಕ ಹಾಕಿದರೆ 20 ಡಿಗ್ರಿ ಓರೆಗೆ ದಾರಿ ಉದ್ದವಾಗುವುದು ಶೇಕಡಾ 6ರಷ್ಟು. 15 ಡಿಗ್ರಿಗಾದರೆ 4ಕ್ಕೂ ಕಡಿಮೆ. ಮುಂದಿನ ಹಾಯಿ ಮೇನ್‌ಸೇಲ್‌ನ ಮರೆಯಿಂದ ಹೊರಬಂದು ತಾನೂ ಎಳೆಯತೊಡಗುವುದರಿಂದ ಆ ನಷ್ಟ ಸಾಮಾನ್ಯವಾಗಿ ವೇಗದಲ್ಲೇ ತುಂಬಿಬರುತ್ತದೆ. ತೂಗಾಟವೂ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಅಲೆ ಚುಕ್ಕಾಣಿಯನ್ನು ಕೊಂಚ ತಪ್ಪಿಸಿದರೂ ಸರಿಪಡಿಸಿಕೊಳ್ಳಲು ಜಾಗ ಇರುತ್ತದೆ.

ಆ ಜಾಗ ಮುಗಿಯುತ್ತ ಬಂದಿದೆ ಎಂದು ಮೊದಲು ಹೇಳುವುದು ಮುಂದಿನ ಹಾಯಿಯೇ. ಗಾಳಿ ಸಿಗದೆ ಅದು ಜೋತುಬಿತ್ತೆಂದರೆ ಗಾಳಿಯನ್ನು ತೀರಾ ಬೆನ್ನಿಗೆ ತಂದುಕೊಂಡಿದ್ದೇವೆ ಎಂದರ್ಥ. ತಾನಾಗಿ ಇನ್ನೊಂದು ಪಕ್ಕಕ್ಕೆ ಹೋಗಿ ತುಂಬಿಕೊಂಡರೆ ಗಾಳಿ ಆಗಲೇ ಬೂಮ್ ಇರುವ ಕಡೆಯಿಂದ ಬರುತ್ತಿದೆ. ನೋಡುತ್ತ ಕೂರುವ ಹೊತ್ತಲ್ಲ. ಕತ್ತಲಲ್ಲಿ ಕಿವಿಯನ್ನು ನಂಬುತ್ತೇನೆ. ದೋಣಿಯ ಮೂತಿಗೇ ಮುಖ ಮಾಡಿ ಕುಳಿತಾಗ ಗಾಳಿಯ ಸದ್ದು ಎರಡೂ ಕಿವಿಗೆ ಸಮನಾಗಿ ಕೇಳಿದರೆ ಗಾಳಿ ಸರಿಯಾಗಿ ಬೆನ್ನ ಹಿಂದಿದೆ. ಕಟ್ಟಕಡೆಯ ಸೂಚನೆ ಮೇನ್‌ಶೀಟ್‌ನದು, ಅಂದರೆ ಬೂಮನ್ನು ಒಳಗೆಳೆದು ಹೊರಬಿಡುವ ಹಗ್ಗದ್ದು: ತಂತಿಯಂತೆ ಬಿಗಿದಿದ್ದ ಹಗ್ಗ ಇದ್ದಕ್ಕಿದ್ದಂತೆ ಸಡಿಲವಾಗಿ ನಡುವೆ ಬಾಗುತ್ತದೆ, ಬೂಮ್‌ನ ತುದಿ ಒಂದು ಗೇಣು ಮೇಲೇಳುತ್ತದೆ, ಹಾಯಿಯ ಹಿಂದಂಚು ಒಮ್ಮೆ ಮಡಚಿ ಬಿಚ್ಚುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ‘ತಲೆ ತಗ್ಗಿಸಿ!’ ಎಂದು ಕೂಗುವಷ್ಟು ಸಮಯ.

ಚುಕ್ಕಾಣಿಗೆ ಹೊಸಬರು ಕುಳಿತರೆ ಗಾಳಿಯ ಪಾಠ ಮಾಡಲು ಹೋಗುವುದಿಲ್ಲ. ‘ಅನುಮಾನ ಬಂದರೆ ಮೂತಿಯನ್ನು ಬೂಮ್‌ನಿಂದ ಆಚೆಗೆ ತಿರುಗಿಸಿ’ ಎನ್ನುತ್ತೇನೆ, ಅಷ್ಟೇ. ಚಕ್ರವಿದ್ದರೆ ಬೂಮ್ ಇಲ್ಲದ ಕಡೆಗೆ, ಟಿಲ್ಲರ್ (ಚುಕ್ಕಾಣಿಯ ಹಿಡಿಕೋಲು) ಇದ್ದರೆ ಬೂಮ್ ಇರುವ ಕಡೆಗೆ. ಗಾಬರಿಯಲ್ಲಿ ಎಡ ಬಲ ಮರೆತುಹೋದರೂ ಬೂಮ್ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಹಿಂದಿನಿಂದ ಓರೆಯಾಗಿ ಬರುವ ಅಲೆಗಳಿದ್ದರೆ ಆಟೋಪೈಲಟ್‌ಗೆ ದೋಣಿ ಒಪ್ಪಿಸಲು ನನಗೆ ಮನಸ್ಸಿಲ್ಲ. ದಿಕ್ಸೂಚಿ ನೋಡಿ ನಡೆಸುವಾಗ ಗಾಳಿ ತಿರುಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗಾಳಿಯ ಕೋನ ನೋಡಿ ನಡೆಸಲು ಬಿಟ್ಟರೆ ಇನ್ನೊಂದು ಪೇಚು. ದೋಣಿ ಅಲೆಯ ಇಳಿಜಾರಿನಲ್ಲಿ ವೇಗ ಹಿಡಿದಾಗ ಗಾಳಿ ಮುಂದಕ್ಕೆ ಸರಿದಂತೆ ತೋರುತ್ತದೆ. ಯಂತ್ರ ಅದನ್ನು ನಂಬಿ ಮೂತಿಯನ್ನು ಗಾಳಿಯಿಂದ ಇನ್ನಷ್ಟು ಆಚೆಗೆ ತಿರುಗಿಸುತ್ತದೆ. ಅಲೆಯ ತಳದಲ್ಲಿ ವೇಗ ಬಿದ್ದ ಕೂಡಲೇ ಗಾಳಿ ಮತ್ತೆ ಹಿಂದಕ್ಕೆ ಹೋಗಿ, ತಪ್ಪಾದ ಪಕ್ಕದಿಂದ ಹಾಯಿಯ ಬೆನ್ನು ಹಿಡಿಯುತ್ತದೆ. ಕೈಯಲ್ಲಿ ನಡೆಸುವವರು ಅಲೆಗೆ ದೋಣಿಯ ಹಿಂಬದಿ ಮೇಲೇಳುವ ಮೊದಲೇ ಚುಕ್ಕಾಣಿ ಕೊಡಬಲ್ಲರು.

ಇಷ್ಟಾದ ಮೇಲೆ ಪ್ರಿವೆಂಟರ್. ಅದನ್ನು ಬೂಮ್‌ನ ಹಿಂತುದಿಗೆ ಕಟ್ಟಿ, ಮಾಸ್ಟನ್ನು ಪಕ್ಕದಿಂದ ಹಿಡಿದ ಶ್ರೌಡ್ ತಂತಿಗಳು ಮತ್ತು ಡೆಕ್ ಅಂಚಿನ ಲೈಫ್‌ಲೈನ್ ಬೇಲಿಯ ಹೊರಗಿನಿಂದ ಮೂತಿಯ ಬಳಿಯ ಬ್ಲಾಕ್‌ಗೆ (ಹಗ್ಗದ ರಾಟೆಗೆ) ಒಯ್ದು, ಅಲ್ಲಿಂದ ಚುಕ್ಕಾಣಿಯವರು ಕೂರುವ ಕಾಕ್‌ಪಿಟ್‌ಗೆ ತರುತ್ತೇನೆ. ಬೂಮ್‌ನ ನಡುವಿಗೆ ಕಟ್ಟಿ ಪಕ್ಕದ ರೇಲ್‌ಗೆ ಎಳೆಯುವುದು ಸುಲಭ, ನಿಜ. ಆದರೆ ಹಾಯಿಗೆ ತಪ್ಪು ಪಕ್ಕದಿಂದ ಗಾಳಿ ತುಂಬಿದಾಗ, ಇಲ್ಲವೇ ತೂಗಾಟದಲ್ಲಿ ತುದಿ ನೀರಿಗೆ ಅದ್ದಿದಾಗ, ಬೂಮ್ ಆ ನಡುವಿನಲ್ಲೇ ಬಾಗಿ ಮುರಿಯಬಹುದು. ಹೊರಚಾಚಿದ ತುದಿ ಕೈಗೆ ಎಟುಕುವುದಿಲ್ಲವಲ್ಲ, ಅದಕ್ಕೇ ಎರಡೂ ಪಕ್ಕಕ್ಕೆ ಒಂದೊಂದು ಹಗ್ಗವನ್ನು ತುದಿಗೆ ಖಾಯಂ ಕಟ್ಟಿ ಬೂಮ್‌ನ ಅಡಿಯಲ್ಲಿ ಮಾಸ್ಟ್‌ವರೆಗೆ ಸಿಕ್ಕಿಸಿಟ್ಟಿದ್ದೇನೆ. ಬೇಕಾದಾಗ ಡೆಕ್ ಮೇಲೆ ನಿಂತೇ ಜೋಡಿಸಬಹುದು. ಹಿಗ್ಗುವ ನೈಲಾನ್ ಹೊಡೆತ ತಾಳುತ್ತದೆ ಎನ್ನುವವರಿದ್ದಾರೆ. ನನಗೆ ಹೆಚ್ಚು ಹಿಗ್ಗದ ಪಾಲಿಯೆಸ್ಟರ್ ಇಷ್ಟ, ಏಕೆಂದರೆ ಬೂಮ್ ಓಡಲು ಶುರುಮಾಡಿದ ಮೇಲೆ ನಿಲ್ಲಿಸುವುದಕ್ಕಿಂತ ಅಲುಗದಂತೆ ಹಿಡಿಯುವುದು ವಾಸಿ. ಪ್ರಿವೆಂಟರ್, ಮೇನ್‌ಶೀಟ್, ಬೂಮ್ ಮೇಲೇಳದಂತೆ ಕೆಳಗೆಳೆಯುವ ವ್ಯಾಂಗ್, ಈ ಮೂರನ್ನೂ ಬಿಗಿದರೆ ಬೂಮ್ ಕದಲುವುದಿಲ್ಲ. ಪ್ರಿವೆಂಟರ್ ಹಗ್ಗದ ತುದಿ ಮಾತ್ರ ವಿಂಚ್ (ಹಗ್ಗ ಸುತ್ತಿ ಎಳೆಯುವ ಉರುಳೆ) ಮೇಲೆಯೇ ಇರಬೇಕು, ಒತ್ತಡದಲ್ಲೂ ಬಿಡಲು ಬರುವಂತೆ.

ಇಷ್ಟಾದರೂ ಹಾಯಿಗೆ ತಪ್ಪು ಪಕ್ಕದಿಂದ ಗಾಳಿ ತುಂಬಿಕೊಂಡಿತು ಎನ್ನೋಣ. ದೋಣಿ ಆಚೆ ಪಕ್ಕಕ್ಕೆ ವಾಲಿ, ವೇಗ ಕುಸಿಯುತ್ತದೆ. ಪ್ರಿವೆಂಟರ್ ಬಿಚ್ಚಿಬಿಡಲು ಕೈ ಹೋಗುತ್ತದೆ, ಬಿಚ್ಚಬಾರದು. ಮೊದಲು ಚುಕ್ಕಾಣಿಯಿಂದಲೇ ವಾಪಸ್ ತರಲು ನೋಡುತ್ತೇನೆ. ಚುಕ್ಕಾಣಿ ಕೇಳದಿದ್ದರೆ ವಿಂಚ್ ಮೇಲಿನ ಸುತ್ತುಗಳನ್ನು ಹಾಗೇ ಇಟ್ಟು ಹಗ್ಗವನ್ನು ಇಂಚಿಂಚಾಗಿ ಬಿಡುತ್ತ, ಇತ್ತ ಮೇನ್‌ಶೀಟ್ ಎಳೆದುಕೊಳ್ಳುತ್ತ ಬೂಮನ್ನು ನಡುವಿಗೆ ತರುವುದು.

ಬೇಕೆಂದೇ ಜೈಬ್ ಮಾಡುವಾಗಲೂ ಇದೇ ಕ್ರಮ: ಎಲ್ಲರೂ ಕುಳಿತ ಮೇಲೆ ಪ್ರಿವೆಂಟರ್ ತೆಗೆದು, ಮೇನ್‌ಶೀಟ್ ಎಳೆದು ಬೂಮನ್ನು ನಡುವಿಗೆ ತಂದು, ನಿಧಾನ ತಿರುಗಿ, ಹಾಯಿ ಪಕ್ಕ ಬದಲಿಸಿದ ಗಳಿಗೆ ಹಗ್ಗ ಸರ್ರನೆ ಬಿಟ್ಟು, ಗಾಳಿಯತ್ತ ನುಗ್ಗುವ ಮೂತಿಯನ್ನು ಚುಕ್ಕಾಣಿಯಿಂದ ತಡೆಯುವುದು. ದೋಣಿ ಅಲೆಯಿಳಿದು ಓಡುತ್ತಿರುವಾಗ ಹಾಯಿಯ ಮೇಲೆ ಹೊರೆ ಕಡಿಮೆ, ಆಗಲೇ ತಿರುಗಬೇಕು. ಗಾಳಿ ಜೋರಿದ್ದರೆ ನಾಚಿಕೆಯಿಲ್ಲದೆ ಎದುರುಗಾಳಿಯ ಕಡೆಯಿಂದ ಸುತ್ತಿಕೊಂಡು ಬರುತ್ತೇನೆ.

ಬೂಮ್‌ಗೆ ಎಲ್ಲರೂ ಹೆದರುತ್ತಾರೆ, ಮೇನ್‌ಶೀಟ್‌ಗೆ ಹೆದರುವವರು ಕಡಿಮೆ. 2015ರ ಸೆಪ್ಟೆಂಬರ್‌ನಲ್ಲಿ ಕ್ಲಿಪ್ಪರ್ ವಿಶ್ವ ಪರ್ಯಟನೆ ಸ್ಪರ್ಧೆಯ ದೋಣಿಯೊಂದು ಪೋರ್ಚುಗಲ್‌ನ ಪಶ್ಚಿಮಕ್ಕೆ ರಾತ್ರಿ ಹೀಗೆ ತಾನಾಗಿ ಜೈಬ್ ಆದಾಗ, ಸಿಬ್ಬಂದಿಯಲ್ಲೊಬ್ಬರು ಮೇನ್‌ಶೀಟ್ ಹೊಡೆತಕ್ಕೇ ಪ್ರಾಣ ಕಳೆದುಕೊಂಡರು. ನನ್ನ ದೋಣಿಯಲ್ಲಿ ಹಿಂಗಾಳಿ ಇದ್ದಾಗ ಮೇನ್‌ಶೀಟ್ ಮತ್ತು ಟ್ರಾವೆಲರ್ (ಮೇನ್‌ಶೀಟ್‌ನ ಬುಡ ಹಿಡಿದು ಹಳಿಯ ಮೇಲೆ ಸರಿಯುವ ಭಾಗ) ಬೀಸುವ ಜಾಗದಲ್ಲಿ ಯಾರೂ ಕೂರುವಂತಿಲ್ಲ, ಪ್ರಿವೆಂಟರ್ ಕಟ್ಟಿದ್ದರೂ ಅಷ್ಟೇ. ಪ್ರತಿ ಪಾಳಿ ಬದಲಾದಾಗ ಮೂತಿಯ ಬ್ಲಾಕ್ ಹತ್ತಿರ ಹಗ್ಗ ಸವೆದಿದೆಯೇ ಎಂದು ಬೆರಳಾಡಿಸಿ ನೋಡುತ್ತೇವೆ. ರಾತ್ರಿ ಅಲೆ ಎದ್ದು, ಚುಕ್ಕಾಣಿಗೆ ಕೂರುವವರು ದಣಿದಿದ್ದರೆ ಮೇನ್‌ಸೇಲ್ ಪೂರ್ತಿ ಇಳಿಸಿ ಬೂಮನ್ನು ನಡುವಿಗೆ ಬಿಗಿದು ಕಟ್ಟುತ್ತೇನೆ. ಮುಂದಿನ ಹಾಯಿ ಒಂದರಲ್ಲೇ ವೇಗ ಒಂದೆರಡು ನಾಟ್ ಕಡಿಮೆಯಾಗುತ್ತದೆ, ಆಗಲಿ.