ಶನಿವಾರ ನೋಡಿ, ಭಾನುವಾರ ಕೊಳ್ಳಿ: ಬೇರೆ ಊರಿನ ನರ್ಸರಿಗೆ ಹೊರಟವರಿಗೆ

ವಾರಾಂತ್ಯಕ್ಕೆ ಬೇರೆ ಊರಿನ ನರ್ಸರಿಗಳನ್ನು ಸುತ್ತಲು ಹೊರಟಿದ್ದೀರಾ? ಹಾಗಾದರೆ ಶನಿವಾರ ಸುಮ್ನೆ ನೋಡಿ, ಭಾನುವಾರ ಹೊರಡುವಾಗ ಕೊಳ್ಳಿ. ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಬಂದ ತಕ್ಷಣ ಗಿಡ ಕೊಂಡರೆ ಉಳಿದ ಹೊತ್ತೆಲ್ಲ ಅದನ್ನು ಎಲ್ಲಿಡುವುದು ಅನ್ನುವ ಯೋಚನೆಯೇ. ಊಟಕ್ಕೆ ಕೂತರೂ ಮನಸ್ಸು ಕಾರಿನಲ್ಲೇ ಇರುತ್ತದೆ. ಆ ಚಿಂತೆಗೆ ಕಾರಣವೂ ಇದೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಅರ್ಧ ಗಂಟೆಯಲ್ಲೇ ಹೊರಗಿಗಿಂತ 15 ಡಿಗ್ರಿ ಜಾಸ್ತಿ ಕಾವು ಏರಬಹುದು. ಹೊರಗೆ 30 ಇದ್ದರೆ ಒಳಗೆ 45. ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಎಳೆ ಚಿಗುರು, ತೆಳು ಎಲೆ ಆ ಕಾವಿಗೆ ಬೆಂದೇ ಹೋಗುತ್ತವೆ. ನೀವು ನೆಮ್ಮದಿಯಾಗಿ ಊಟ ಮಾಡಿ ಬರುವಷ್ಟರಲ್ಲಿ ಗಿಡದ ಕತೆ ಮುಗಿದಿರುತ್ತದೆ.

ಹೊರಡುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಗಿಡ ಇಡಬೇಕೆಂದಿರುವ ಜಾಗದ ಫೋಟೋ ತೆಗೆದುಕೊಳ್ಳಿ. ಉದ್ದ ಅಗಲ ಅಳೆದು ಬರೆದುಕೊಳ್ಳಿ. ಅಲ್ಲಿ ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆ, ಬೆಳಗಿನದೋ ಸಂಜೆಯದೋ ಅಂತ ನೋಡಿಕೊಳ್ಳಿ. ಹೂ ಬಿಡುವ ಬಹುತೇಕ ಗಿಡಗಳಿಗೆ, ಅದರಲ್ಲೂ ಗುಲಾಬಿಗೆ, ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ನರ್ಸರಿಯಲ್ಲಿ ನಿಂತಾಗ ಎಲ್ಲ ಗಿಡವೂ ನಮ್ಮ ಮನೆಗೇ ಹುಟ್ಟಿದ್ದು ಅನ್ನಿಸುತ್ತದೆ. ಆಗ ಕೈ ಹಿಡಿದು ನಿಲ್ಲಿಸುವುದು ಈ ಫೋಟೋ ಮತ್ತು ಅಳತೆ ಮಾತ್ರ.

ನರ್ಸರಿಗೆ ಬೆಳಿಗ್ಗೆಯೇ ಹೋಗಿ. ಜನ ಕಡಿಮೆ ಇರುತ್ತಾರೆ, ಕೆಲಸದವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ಗಿಡವೂ ಒಂದಿಷ್ಟು ಬಾಡುತ್ತದೆ, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ಬೆಳಗಿನ ತಂಪಿನಲ್ಲಿ, ಕುಂಡದ ಮಣ್ಣು ಒದ್ದೆ ಇರುವಾಗಲೂ ಎಲೆ ಜೋತು ಬಿದ್ದಿದ್ದರೆ ಬೇರು ಕೊಳೆತಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ಇನ್ನಷ್ಟು ನೀರು ಹಾಕಿ ಉಳಿಸಿಕೊಳ್ಳುತ್ತೇನೆ ಅನ್ನುವುದು ಆಗದ ಮಾತು.

ಗಿಡದ ಹೂವನ್ನು ಕೊನೆಗೆ ನೋಡಿ. ಮೊದಲು ಎಲೆ ತಿರುಗಿಸಿ ಅಡಿಭಾಗ ನೋಡಿ. ಕೀಟಗಳು ಅಡಗುವುದು ಅಲ್ಲೇ. ಎಲೆ ಕಾಂಡ ಸೇರುವ ಸಂದಿಯಲ್ಲಿ ಹತ್ತಿಯ ಚೂರು ಅಂಟಿದ ಹಾಗೆ ಬೆಳ್ಳಗೆ ಕಂಡರೆ ಅದು ಹಿಟ್ಟು ತಿಗಣೆ. ಗಿಡವನ್ನು ಮೆಲ್ಲಗೆ ಅಲುಗಿಸಿ. ಸಣ್ಣ ಬಿಳಿ ಹುಳುಗಳು ಗುಂಪಾಗಿ ಹಾರಿದರೆ ಬಿಳಿ ನೊಣ. ಎಲೆಯ ಮೇಲೆ ಮಸುಕು ಚುಕ್ಕಿ, ಅಡಿಯಲ್ಲಿ ನವಿರಾದ ಬಲೆ ಇದ್ದರೆ ನುಸಿ. ಕಾಂಡದ ಮೇಲೆ ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದರೆ ಸುಮ್ಮನೆ ಬಿಡಬೇಡಿ, ಅವು ಎಲ್ಲಿಗೆ ಹೋಗುತ್ತಿವೆ ಅಂತ ಹುಡುಕಿ. ಸಸ್ಯ ಹೇನು ಮತ್ತು ಹಿಟ್ಟು ತಿಗಣೆ ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತವೆ. ಇರುವೆ ಬರುವುದು ಆ ಸಿಹಿಗೆ. ಅದೇ ಅಂಟಿನ ಮೇಲೆ ಆಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇಂಥ ಒಂದು ಗಿಡ ಮನೆಗೆ ಬಂದರೆ ಸಾಕು, ಮೊದಲೇ ಇರುವ ಗಿಡಗಳಿಗೆಲ್ಲ ಹಬ್ಬುತ್ತದೆ. ಎಷ್ಟು ಚೆಂದ ಇದ್ದರೂ ಬಿಟ್ಟು ಬನ್ನಿ.

ಎಲೆ ಆದ ಮೇಲೆ ಬೇರು. ಕುಂಡ ಎತ್ತಿ ತಳದ ತೂತು ನೋಡಿ. ಒಂದೆರಡು ಬಿಳಿ ಬೇರಿನ ತುದಿ ಕಂಡರೆ ಒಳ್ಳೆಯದು. ದಪ್ಪ ಬೇರುಗಳು ಹೊರಗೆ ಬಂದು ತಳದಲ್ಲಿ ಸುತ್ತಿಕೊಂಡಿದ್ದರೆ ಆ ಗಿಡ ಬಹಳ ದಿನದಿಂದ ಅದೇ ಕುಂಡದಲ್ಲಿ ಕೂತಿದೆ ಅಂತ ಅರ್ಥ. ಹಾಗೆ ಸುತ್ತಿದ ಬೇರು ದೊಡ್ಡ ಕುಂಡಕ್ಕೆ ಹೋದರೂ ಸುತ್ತುತ್ತಲೇ ಇರುತ್ತದೆ. ಅದರಲ್ಲೂ ಮರವಾಗುವ ಗಿಡಕ್ಕೆ ಇದು ಮುಂದೆ ತೊಂದರೆ ಕೊಡುತ್ತದೆ. ಇನ್ನು ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಗಿಡ ಸಡಿಲವಾಗಿ ಆಡಿದರೆ ಮೊನ್ನೆ ಮೊನ್ನೆ ಕಿತ್ತು ನೆಟ್ಟಿರುತ್ತಾರೆ, ಬೇರು ಇನ್ನೂ ಹಿಡಿದಿಲ್ಲ. ಅಂಥದ್ದು ದೂರದ ಪ್ರಯಾಣ ತಡೆಯುವುದಿಲ್ಲ.

ಇಷ್ಟೆಲ್ಲ ನೋಡುವುದರ ಒಟ್ಟು ಉದ್ದೇಶ ಒಂದೇ. ಈ ಜಾಗದಲ್ಲಿ ಸರಕು ಓಡುತ್ತದೆಯೋ, ನಿಂತೇ ಇರುತ್ತದೆಯೋ? ಗಿಡ ಬೇಗ ಮಾರಾಟವಾಗುವ ಕಡೆ ಹೊಸ ಗಿಡ ಬರುತ್ತಿರುತ್ತವೆ, ಹಳೆಯದು ಕೂತು ಕೊಳೆಯುವುದಿಲ್ಲ. ಈ ಪ್ರಶ್ನೆಯನ್ನು ನೆನಪಿನಲ್ಲಿಡಿ, ಊಟದ ಹೊತ್ತಿಗೂ ಬೇಕಾಗುತ್ತದೆ.

ಪೂರ್ತಿ ಹೂ ಅರಳಿದ ಗಿಡಕ್ಕಿಂತ ಮೊಗ್ಗು ತುಂಬಿದ ಗಿಡ ಆರಿಸಿ. ಅರಳಿದ ಹೂ ದಾರಿಯಲ್ಲೇ ಉದುರುತ್ತದೆ. ಎತ್ತರದ ದೊಡ್ಡ ಗಿಡಕ್ಕಿಂತ ಗಟ್ಟಿ ಕಾಂಡದ ಸಣ್ಣ ಗಿಡವೇ ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತದೆ, ದುಡ್ಡೂ ಕಡಿಮೆ. ಹಣ್ಣಿನ ಗಿಡವಾದರೆ ಕಸಿ ಮಾಡಿದ್ದೋ ಬೀಜದ್ದೋ ಅಂತ ಕೇಳಿ. ಕಸಿಯಾದರೆ ಬುಡದ ಹತ್ತಿರ ಗಂಟಿನಂಥ ಕೂಡು ಕಾಣಲೇಬೇಕು. ಆ ಗಂಟಿನ ಕೆಳಗಿನಿಂದ ಬಂದ ಚಿಗುರು ನಿಮಗೆ ಬೇಕಾದ ತಳಿಯದಲ್ಲ, ಅದನ್ನು ಆಗಾಗ ತೆಗೆಯುತ್ತಿರಬೇಕು. ಮನೆಯಲ್ಲಿ ನೆಡುವಾಗಲೂ ಆ ಗಂಟು ಮಣ್ಣಿನ ಮೇಲೇ ಇರಲಿ.

ಗಿಡದ ಸಸ್ಯಶಾಸ್ತ್ರದ ಹೆಸರು ಕೇಳಿ ಫೋನಿನಲ್ಲಿ ಬರೆದುಕೊಳ್ಳಿ. ಆಡುಮಾತಿನ ಹೆಸರು ಊರಿಗೊಂದು ಇರುತ್ತದೆ, ಆಮೇಲೆ ಆರೈಕೆ ಹುಡುಕುವಾಗ ಗೊಂದಲ. ಪೂರ್ತಿ ಬೆಳೆದಾಗ ಎಷ್ಟು ಎತ್ತರ ಆಗುತ್ತದೆ ಅಂತಲೂ ತಿಳಿದುಕೊಳ್ಳಿ. ಮೇಜಿನ ಮೇಲಿಡುವ ಪುಟ್ಟ ಕುಂಡದಲ್ಲಿ ಮಾರುವ ನಾರ್ಫೋಕ್ ಪೈನ್, ಅಂದರೆ ಅರಾಕೇರಿಯಾ ಹೆಟೆರೊಫಿಲ್ಲಾ, ತನ್ನ ಹುಟ್ಟೂರಾದ ನಾರ್ಫೋಕ್ ದ್ವೀಪದಲ್ಲಿ 50 ಮೀಟರ್ ದಾಟಿ ಬೆಳೆಯುವ ಮರ. ಕುಂಡದಲ್ಲಿ ಅಷ್ಟು ಆಗುವುದಿಲ್ಲ, ನಿಜ. ಆದರೆ ಮನೆ ಗೋಡೆಯ ಪಕ್ಕ ನೆಲಕ್ಕೆ ಇಳಿಸುವ ಮುಂಚೆ ಇದು ಗೊತ್ತಿರಬೇಕು ಅಲ್ವಾ?

ಕಳ್ಳಿ ಗಿಡದ ಹತ್ತಿರ ಸ್ವಲ್ಪ ಹುಷಾರು. ತುದಿಯಲ್ಲಿ ಕೆಂಪು, ಹಳದಿ ಉಂಡೆ ಕೂತಿರುವ ಮೂನ್ ಕ್ಯಾಕ್ಟಸ್ ಮಕ್ಕಳಿಗೆ ತುಂಬ ಇಷ್ಟ. ಆ ಬಣ್ಣದ ಉಂಡೆಯಲ್ಲಿ ಪತ್ರಹರಿತ್ತು ಇಲ್ಲ, ಹಾಗಾಗಿ ತನ್ನ ಆಹಾರ ತಾನೇ ಮಾಡಿಕೊಳ್ಳಲಾರದು. ಕೆಳಗಿನ ಹಸಿರು ಕಳ್ಳಿಗೆ ಕಸಿ ಕಟ್ಟಿ ಬದುಕಿಸಿರುತ್ತಾರೆ. ಸಾಮಾನ್ಯವಾಗಿ ಕೆಲವೇ ವರ್ಷ ಬಾಳುತ್ತದೆ. ಅದು ಮೋಸವಲ್ಲ, ತಿಳಿದು ಕೊಳ್ಳಿ ಅಷ್ಟೇ. ಆದರೆ ಕಳ್ಳಿಯ ತಲೆಗೆ ಒಣ ಹೂವನ್ನು ಅಂಟಿನಲ್ಲಿ ಅಂಟಿಸಿ ಮಾರುವುದು ಮೋಸವೇ. ಹೂವಿನ ಬುಡ ನೋಡಿದರೆ ಅಂಟು ಕಾಣುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳು, ಸಾಕುಪ್ರಾಣಿ ಇದ್ದರೆ ವಿಷದ ಬಗ್ಗೆಯೂ ಕೇಳಿ. ಡಿಫೆನ್‌ಬೇಕಿಯಾ ಎಲೆ ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ಕಣಗಿಲೆಯ ಎಲ್ಲ ಭಾಗವೂ ವಿಷ. ಬೆಕ್ಕು ಇರುವ ಮನೆಗೆ ಲಿಲ್ಲಿ ಹೂ ತರಲೇಬೇಡಿ, ಅದು ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೇಳದೆ ಯಾವ ಗಿಡದಿಂದಲೂ ಕಡ್ಡಿ ಚಿವುಟಬೇಡಿ. ಕೇಳಿದರೆ ಎಷ್ಟೋ ಜನ ಸಂತೋಷದಿಂದ ಕೊಡುತ್ತಾರೆ.

ಸುತ್ತಾಟ ಮುಗಿಸಿ ಹೊರಡುವಾಗ ಅಲ್ಲಿ ಕೆಲಸ ಮಾಡುವವರನ್ನು ಕೇಳಿ, "ನೀವು ಊಟ ಎಲ್ಲಿ ಮಾಡ್ತೀರಿ?" ಅಂತ. "ಇಲ್ಲಿ ಒಳ್ಳೆ ಹೋಟೆಲ್ ಯಾವುದು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಹೊರಗಿನವರಿಗೆ ಹೇಳುವ ದೊಡ್ಡ ಹೆಸರೇ ಬರುತ್ತದೆ. ತಾವು ದಿನಾ ಉಣ್ಣುವ ಜಾಗವನ್ನು ಜನ ಬೇರೆ ರೀತಿಯಲ್ಲೇ ಹೇಳುತ್ತಾರೆ. ಏನು ಚೆನ್ನಾಗಿರುತ್ತದೆ, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ಭಾನುವಾರ ತೆರೆದಿರುತ್ತದೋ ಇಲ್ಲವೋ ಎಲ್ಲವೂ ಆ ಒಂದು ಪ್ರಶ್ನೆಯಲ್ಲೇ ಹೊರಗೆ ಬರುತ್ತದೆ.

ಊಟಕ್ಕೆ ಕೂರುವ ಮುಂಚೆ ಸೋಪು ಹಚ್ಚಿ 20 ಸೆಕೆಂಡಾದರೂ ಕೈ ತೊಳೆಯಿರಿ. ಬರೀ ನೀರು ಸಾಲದು. ನರ್ಸರಿ ಗಿಡಗಳಿಗೆ ಕೀಟನಾಶಕ ಹೊಡೆದಿರುತ್ತಾರೆ, ನೀವು ಎಲೆ ಮುಟ್ಟಿ ಮುಟ್ಟಿ ನೋಡಿರುತ್ತೀರಿ. ಸ್ಯಾನಿಟೈಸರ್ ಮಣ್ಣನ್ನೂ ತೆಗೆಯುವುದಿಲ್ಲ, ಔಷಧಿಯನ್ನೂ ತೆಗೆಯುವುದಿಲ್ಲ. ಒಂದು ಸಣ್ಣ ಸೋಪು ಚೀಲದಲ್ಲೇ ಇರಲಿ. ಅದೇ ಕಾರಣಕ್ಕೆ ಅಡುಗೆಗೆ ಬಳಸುವ ಸೊಪ್ಪಿನ ಗಿಡ ಕೊಂಡರೂ ಎಲೆ ಕಿತ್ತು ಅಲ್ಲೇ ಬಾಯಿಗೆ ಹಾಕಬೇಡಿ. ಮನೆಗೆ ತಂದು, ಹೊಸ ಚಿಗುರು ಬಂದ ಮೇಲೆ ಬಳಸಿ.

ಈಗ ಹಿಂದೆ ಹೇಳಿದ ಪ್ರಶ್ನೆ. ಇಲ್ಲಿ ಅಡುಗೆ ಓಡುತ್ತದೆಯೋ, ನಿಂತೇ ಇರುತ್ತದೆಯೋ? ಬೇಯಿಸಿದ ಆಹಾರದಲ್ಲಿ ರೋಗಾಣು ಜೋರಾಗಿ ಬೆಳೆಯುವುದು 5ರಿಂದ 60 ಡಿಗ್ರಿ ನಡುವೆ. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಾಗಾಗಿ ಪಟ್ಟಿ ಚಿಕ್ಕದಿದ್ದು, ಜನ ಬಂದು ಹೋಗುತ್ತಾ ಇದ್ದು, ಪಾತ್ರೆ ಖಾಲಿಯಾಗಿ ಮತ್ತೆ ಹೊಸದು ಬರುವ ಸಣ್ಣ ಜಾಗ ನನಗೆ ಇಷ್ಟ. ನೂರು ಬಗೆ ಬರೆದ ಉದ್ದದ ಪಟ್ಟಿ ಇದ್ದು ಟೇಬಲ್ಲುಗಳು ಖಾಲಿ ಇದ್ದರೆ, ಅಷ್ಟೂ ಬಗೆ ಆವತ್ತೇ ಮಾಡಿದ್ದು ಹೇಗಾಗುತ್ತದೆ? ಎಲ್ಲರೂ ಊಟಕ್ಕೆ ಬರುವುದಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ. ಅಡುಗೆ ಆಗ ತಾನೇ ಇಳಿದಿರುತ್ತದೆ, ಬಡಿಸುವವರೂ ಇನ್ನೂ ದಣಿದಿರುವುದಿಲ್ಲ.

ತಟ್ಟೆಗೆ ಬಂದದ್ದು ಹೊಗೆಯಾಡುವಷ್ಟು ಬಿಸಿ ಇರಬೇಕು. ಉಗುರು ಬೆಚ್ಚಗಿದ್ದರೆ ಬಿಸಿ ಮಾಡಿ ಕೊಡಿ ಅಂತ ಕೇಳಲು ಸಂಕೋಚ ಬೇಡ. ಐಸ್ ಬಗ್ಗೆ ನಾನು ಕಟ್ಟುನಿಟ್ಟು. ಗಟ್ಟಿ ಮಾಡಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ, ನೀರು ಎಂಥದ್ದೋ ಐಸೂ ಅಂಥದ್ದೇ. ಮೊದಲೇ ಹೆಚ್ಚಿಟ್ಟ ಹಸಿ ತರಕಾರಿ, ಹಣ್ಣು ಪ್ರಯಾಣದಲ್ಲಿ ಬೇಡ. ಒಟ್ಟಿಗೆ ನಾಲ್ಕು ಜನ ಇದ್ದರೆ ಎರಡು ಬಗೆ ತರಿಸಿ ಹಂಚಿಕೊಂಡು ತಿನ್ನಿ, ಇಷ್ಟವಾದರೆ ಮತ್ತೆ ತರಿಸಿ. ಚಿಲ್ಲರೆ ಜೊತೆಗಿರಲಿ. ಸಣ್ಣ ಜಾಗಗಳಲ್ಲಿ ಅದರಿಂದ ಬಹಳ ಅನುಕೂಲ.

ಭಾನುವಾರ ಕೊಳ್ಳಲು ಹೋದಾಗ ಆಗಷ್ಟೇ ನೀರು ಸುರಿದ ಗಿಡ ಬೇಡ. ಕುಂಡ ಭಾರವಾಗುತ್ತದೆ, ಹಸಿ ಮಣ್ಣು ಕುಸಿದು ಬೇರು ಅಲುಗುತ್ತದೆ. ಹಿಂದಿನ ದಿನವೇ ಗಿಡ ಗುರುತು ಮಾಡಿ, ಸಂಜೆ ನೀರು ಹಾಕಿಡಿ ಅಂತ ಹೇಳಿದರೆ ಹದವಾಗಿರುತ್ತದೆ. ಮಣ್ಣಿನ ಮೇಲೆ ಹಳೆ ಪೇಪರ್ ತುರುಕಿ ಟೇಪು ಸುತ್ತಿ, ಕುಂಡ ವಾಲಿದರೂ ಮಣ್ಣು ಚೆಲ್ಲುವುದಿಲ್ಲ. ಕೊಂಬೆಗಳನ್ನು ಮೇಲಕ್ಕೆ ಸೇರಿಸಿ ಪೇಪರ್ ಸುತ್ತಿ ಸಡಿಲವಾಗಿ ಕಟ್ಟಿ. ಕಾರಿನಲ್ಲಾದರೆ ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಇಡಿ. ತೆರೆದ ಕಿಟಕಿಯ ಗಾಳಿ ಎಲೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಬೈಕಿನಲ್ಲಾದರೆ ಗಿಡವನ್ನು ಪೂರ್ತಿ ಮುಚ್ಚಲೇಬೇಕು. ಎಸಿ ಗಾಳಿಯೂ ನೇರ ಬಡಿಯದಿರಲಿ.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಇದೆ. ಊಟದ ನಂತರ ಮಾರ್ಕೆಟ್ಟಿನಲ್ಲಿ ಕೊಂಡ ಮಾಗಿದ ಹಣ್ಣಿನ ಚೀಲವನ್ನು ಗಿಡದ ಪಕ್ಕ ಇಡುತ್ತಾರೆ. ಮಾಗುವ ಬಾಳೆ, ಸೇಬು ಎಥಿಲಿನ್ ಅನ್ನುವ ಅನಿಲ ಬಿಡುತ್ತವೆ. ಮುಚ್ಚಿದ ಜಾಗದಲ್ಲಿ ಅದು ತುಂಬಿಕೊಂಡರೆ ಮೊಗ್ಗು ಉದುರುತ್ತದೆ, ಎಲೆ ಹಳದಿಯಾಗುತ್ತದೆ. ಹಣ್ಣು ಡಿಕ್ಕಿಯಲ್ಲಿರಲಿ, ಗಿಡ ನಿಮ್ಮ ಜೊತೆ ಇರಲಿ. ದೇಶದ ಗಡಿ ದಾಟುವ ಪ್ರಯಾಣವಾದರೆ ಗಿಡ, ಬೀಜ, ಮಣ್ಣು ಯಾವುದನ್ನೂ ಸುಮ್ನೆ ಚೀಲಕ್ಕೆ ಹಾಕಬೇಡಿ. ಕೀಟ ಮತ್ತು ರೋಗ ಹರಡದಂತೆ ತಡೆಯಲು 1951ರಲ್ಲೇ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ಆಗಿದೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದಿದ್ದರೆ ಗಡಿಯಲ್ಲೇ ತೆಗೆದುಕೊಂಡುಬಿಡುತ್ತಾರೆ.

ಮನೆ ತಲುಪಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಪೇಪರ್ ಬಿಚ್ಚಿ, ನೆರಳಿನಲ್ಲಿ ಇಡಿ. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟ ಗಿಡ ಪೂರ್ತಿ ಒಣಗಿದ್ದರೆ ಮೇಲೆ ಹಾಕಿದ ನೀರು ಅಂಚಿನಿಂದ ಇಳಿದು ತಳದಲ್ಲಿ ಬಂದುಬಿಡುತ್ತದೆ, ಬೇರಿಗೆ ತಾಗುವುದಿಲ್ಲ. ಆಗ ಕುಂಡವನ್ನೇ ಅರ್ಧ ಗಂಟೆ ನೀರಿನ ಬಕೆಟ್ಟಿನಲ್ಲಿ ಇಟ್ಟು ತೆಗೆಯಿರಿ. ಎರಡು ವಾರ ಬೇರೆ ಗಿಡಗಳಿಂದ ದೂರ ಇಟ್ಟು ಎಲೆಯಡಿ ನೋಡುತ್ತಿರಿ. ಅಂದು ಕಾಣದ ಮೊಟ್ಟೆ ಒಡೆದು ಹುಳು ಹೊರಬರುವುದು ಈ ದಿನಗಳಲ್ಲೇ. ಬಿಸಿಲಿಗೆ ನಿಧಾನವಾಗಿ, ದಿನಕ್ಕೆ ಒಂದಿಷ್ಟು ಹೊತ್ತು ಜಾಸ್ತಿ ಮಾಡುತ್ತಾ ಒಗ್ಗಿಸಿ. ಫೈಕಸ್ ಜಾತಿಯ ಗಿಡ ಜಾಗ ಬದಲಾದ ಕೂಡಲೇ ಎಲೆ ಉದುರಿಸುತ್ತದೆ, ಹೆದರಿ ನೀರು ಸುರಿಯಬೇಡಿ. ಗೊಬ್ಬರಕ್ಕೂ ಅವಸರ ಇಲ್ಲ, ಒಂದು ತಿಂಗಳು ಕಾಯಿರಿ.

ಕುಂಡ ಬದಲಿಸುವುದು ಆ ಎರಡು ವಾರ ಕಳೆದ ಮೇಲೆ. ಹಳೆಯದಕ್ಕಿಂತ ಎರಡು ಬೆರಳು ಅಗಲದ ಕುಂಡ ಸಾಕು. ತೀರಾ ದೊಡ್ಡ ಕುಂಡದಲ್ಲಿ ಬೇರಿಲ್ಲದ ಮಣ್ಣು ಒದ್ದೆಯಾಗೇ ಉಳಿದು ಬೇರು ಕೊಳೆಯುತ್ತದೆ. ಹೊಸ ಮಣ್ಣಿನ ಚೀಲವನ್ನು ಮುಖದಿಂದ ದೂರ ಹಿಡಿದು ತೆರೆಯಿರಿ, ಮೂಸಿ ನೋಡಬೇಡಿ. ಅದರ ಧೂಳಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರುತ್ತದೆ. ಮಣ್ಣನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಕೆಲಸ ಶುರು ಮಾಡಿ, ವಯಸ್ಸಾದವರು ಮಾಸ್ಕ್ ಹಾಕಿಕೊಳ್ಳಿ.