ಪೊಲೀಸರ ಮೇಲೆ ದಾವೆ: ಜ್ಯೂರಿಯಲ್ಲಿ ಕೂತವರು ತೀರ್ಮಾನಿಸುವುದು ಹೇಗೆ?

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಜ್ಯೂರಿ, ಅಂದರೆ ಕೋರ್ಟಿನಲ್ಲಿ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡದ, ಸೇವೆಗೆ ಕರೆ ಯಾವಾಗ ಬೇಕಾದರೂ ಬರಬಹುದು. ಭಾರತದಲ್ಲಿ ಜ್ಯೂರಿ ಪದ್ಧತಿ ನಿಂತು ದಶಕಗಳಾದವು. ಹಾಗಾಗಿ ಗಾಬರಿ ಸಹಜ. ಅದರಲ್ಲೂ ಪೊಲೀಸರು ಹಕ್ಕು ಕಸಿದರು ಎಂಬ ದಾವೆಯಾದರೆ ಇನ್ನೂ ಜಾಸ್ತಿ. ಆದರೆ ನೀವು ಕಾನೂನು ಓದಿರಬೇಕಿಲ್ಲ. ಏನನ್ನು, ಹೇಗೆ ಅಳೆಯಬೇಕು ಎಂದು ನ್ಯಾಯಾಧೀಶರೇ ಹೇಳಿಕೊಡುತ್ತಾರೆ.

ಮೊದಲು, ಇದು ಕ್ರಿಮಿನಲ್ ಕೇಸಲ್ಲ ಎಂಬುದು ನೆನಪಿರಲಿ. ಇಲ್ಲಿ ಯಾರೂ ಜೈಲಿಗೆ ಹೋಗುವುದಿಲ್ಲ. ತಕ್ಕಡಿ ದಾವೆದಾರರ ಕಡೆ ಕೂದಲೆಳೆಯಷ್ಟು ವಾಲಿದರೂ ಸಾಕು. ಸಮವಸ್ತ್ರ ಹಾಕಿದ್ದಾರೆಂದು ಯಾರ ಸಾಕ್ಷ್ಯವನ್ನೂ ಹೆಚ್ಚು ನಂಬಬೇಡಿ, ಕಡಿಮೆಯೂ ನಂಬಬೇಡಿ.

ಮುಂದೆ ಮೂರು ಪ್ರಶ್ನೆ. ಇವು 1871ರ ಕಾನೂನಿನಿಂದ ಬಂದವು. ಈಗ ಅದನ್ನು ಸೆಕ್ಷನ್ 1983 ಎನ್ನುತ್ತಾರೆ. ಅಧಿಕಾರಿ ಸರ್ಕಾರಿ ಅಧಿಕಾರ ಬಳಸಿ ನಡೆದುಕೊಂಡರೇ? ಸಂವಿಧಾನ ಕೊಟ್ಟ ಹಕ್ಕು ಮುರಿಯಿತೇ? ಅದರಿಂದಲೇ ಹಾನಿಯಾಯಿತೇ? ಮೊದಲನೆಯದಕ್ಕೆ ಸಾಮಾನ್ಯವಾಗಿ ಜಗಳವೇ ಇರುವುದಿಲ್ಲ. ಎರಡನೆಯದೇ ಕಷ್ಟ.

ಅತಿಯಾದ ಬಲಪ್ರಯೋಗದ ಆರೋಪವನ್ನೇ ನೋಡಿ. 1984ರಲ್ಲಿ ಉತ್ತರ ಕ್ಯಾರೊಲಿನಾದ ಷಾರ್ಲೆಟ್‌ನಲ್ಲಿ ಗ್ರಹಾಂ ಎಂಬ ಸಕ್ಕರೆ ಕಾಯಿಲೆಯವರು ರಕ್ತದಲ್ಲಿ ಸಕ್ಕರೆ ಕುಸಿಯುತ್ತಿದೆ ಎನಿಸಿ ಕಿತ್ತಳೆ ರಸ ಕೊಳ್ಳಲು ಅಂಗಡಿಗೆ ಹೋದರು. ಒಳಗೆ ಸಾಲು ಉದ್ದವಿತ್ತು. ಕೂಡಲೇ ಹೊರಗೆ ಓಡಿಬಂದರು. ಅದನ್ನು ಕಂಡ ಪೊಲೀಸರಿಗೆ ಅನುಮಾನ. ಕಾರು ತಡೆದರು, ಕೈಕೋಳ ತೊಡಿಸಿದರು. ಆ ಗಲಾಟೆಯಲ್ಲಿ ಅವರ ಪಾದದ ಮೂಳೆ ಮುರಿಯಿತು. ಅಂಗಡಿಯಲ್ಲಿ ಏನೂ ನಡೆದೇ ಇರಲಿಲ್ಲ.

ಈ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಇಂದಿಗೂ ಅಳತೆಗೋಲು. ಅಧಿಕಾರಿಯ ಮನಸ್ಸಿನಲ್ಲಿ ದ್ವೇಷವಿತ್ತೇ ಎಂದು ಹುಡುಕಬೇಡಿ. ಅದೇ ಜಾಗದಲ್ಲಿ, ಅಷ್ಟೇ ಮಾಹಿತಿಯೊಂದಿಗೆ ನಿಂತ ವಿವೇಕವುಳ್ಳ ಅಧಿಕಾರಿ ಹೀಗೆ ಮಾಡುತ್ತಿದ್ದರೇ ಎಂದು ಕೇಳಿ. ಅಪರಾಧ ಎಷ್ಟು ಗಂಭೀರ, ತಕ್ಷಣದ ಅಪಾಯವಿತ್ತೇ, ಆ ವ್ಯಕ್ತಿ ಪ್ರತಿರೋಧಿಸಿದರೇ ಅಥವಾ ಓಡಿದರೇ ಎಂದು ನೋಡಿ. ಆಮೇಲೆ ಗೊತ್ತಾದದ್ದನ್ನು ಆ ಕ್ಷಣಕ್ಕೆ ಹೊರಿಸುವಂತಿಲ್ಲ. ಹಾಗಂತ ಕೊನೆಯ ಒಂದೆರಡು ಸೆಕೆಂಡನ್ನಷ್ಟೇ ನೋಡಿದರೂ ಸಾಲದು. ಅದಕ್ಕೆ ಮುಂಚಿನದನ್ನೂ ಸೇರಿಸಿ ನೋಡಬೇಕೆಂದು 2025ರಲ್ಲಿ ಅದೇ ಕೋರ್ಟ್ ಸ್ಪಷ್ಟಪಡಿಸಿತು. ಇದು ಬಹಳ ಹಿಂದೆಯೇ ಬರಬೇಕಿದ್ದ ಮಾತು ಎನ್ನುವುದು ನನ್ನ ಅಭಿಪ್ರಾಯ. ಗ್ರಹಾಂ ಅವರಿಗಂತೂ ಈ ಅಳತೆಗೋಲಿನಿಂದ ಗೆಲುವು ಸಿಗಲಿಲ್ಲ. ಮರುವಿಚಾರಣೆಯಲ್ಲಿ ಜ್ಯೂರಿ ಪೊಲೀಸರ ಪರವಾಗಿ ನಿಂತಿತು.

ಹಲವು ಅಧಿಕಾರಿಗಳಿದ್ದರೆ ಒಬ್ಬೊಬ್ಬರ ಬಗ್ಗೆ ಬೇರೆಬೇರೆಯಾಗಿ ತೀರ್ಮಾನಿಸಿ. ಪೊಲೀಸರು ತಪ್ಪು ಮಾಡಿದ ಮಾತ್ರಕ್ಕೆ ನಗರಾಡಳಿತ ಹೊಣೆಯಾಗುವುದಿಲ್ಲ. ಅದರ ನೀತಿ ಅಥವಾ ನಡೆದುಬಂದ ರೂಢಿಯೇ ಕಾರಣ ಎಂದು ಸಾಬೀತಾಗಬೇಕು.

ಹಣದ ಮಾತು ಬರುವುದು ಹಕ್ಕು ಮುರಿದದ್ದು ಖಚಿತವಾದ ಮೇಲೆ. ಆಸ್ಪತ್ರೆ ಖರ್ಚು, ನೋವು, ಹೋದ ಸಂಬಳ ಲೆಕ್ಕಕ್ಕೆ ಬರುತ್ತವೆ. ಹಕ್ಕು ಮುರಿದಿದೆ, ಹಾನಿ ಸಾಬೀತಾಗಿಲ್ಲ ಎಂದರೆ 1 ಡಾಲರ್‌ನಂಥ ಸಾಂಕೇತಿಕ ಪರಿಹಾರ. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ಹಕ್ಕು ಮುರಿದದ್ದು ದಾಖಲೆಯಲ್ಲಿ ಉಳಿಯುತ್ತದೆ ಅಲ್ವಾ. ಕೇಡಿನ ಉದ್ದೇಶ ಅಥವಾ ಹಕ್ಕಿನ ಬಗ್ಗೆ ತೀರಾ ಲೆಕ್ಕಿಸದ ನಡತೆ ಕಂಡರೆ ದಂಡರೂಪದ ಪರಿಹಾರವನ್ನೂ ಹಾಕಬಹುದು, ಆದರೆ ಅಧಿಕಾರಿಯ ಮೇಲೆ ಮಾತ್ರ, ನಗರಾಡಳಿತದ ಮೇಲಲ್ಲ.

ಫೆಡರಲ್ ಕೋರ್ಟಿನಲ್ಲಿ (ಅಮೆರಿಕದ ಕೇಂದ್ರ ಸರ್ಕಾರದ ಕೋರ್ಟು) ಕನಿಷ್ಠ 6 ಜನರ ಜ್ಯೂರಿ ಇರುತ್ತದೆ. ಎರಡೂ ಕಡೆಯವರು ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ ತೀರ್ಪು ಒಮ್ಮತದ್ದೇ ಆಗಬೇಕು. ಚರ್ಚೆಯ ನಡುವೆ ಯಾವುದಾದರೂ ಸೂಚನೆ ಅರ್ಥವಾಗದಿದ್ದರೆ ಫೋನಿನಲ್ಲಿ ಹುಡುಕಬೇಡಿ. ಚೀಟಿಯಲ್ಲಿ ಬರೆದು ನ್ಯಾಯಾಧೀಶರಿಗೆ ಕಳಿಸಿ.